ಒಲ್ಲದ ಮನಸ್ಸಿನ ಬೇಹುಗಾರ: ಫಿಲಿಪ್ ಜೆನ್ನಿಂಗ್ಸ್ ಕೆಲಸ ಬಿಟ್ಟದ್ದು ಮನೆಗಾಗಿಯೋ, ತನಗಾಗಿಯೋ?

ಆಂಟೆನಾ

ಮೊದಲೇ ಎಚ್ಚರಿಕೆ: ‘ದಿ ಅಮೆರಿಕನ್ಸ್’ ಸರಣಿಯ ಕೊನೆಯ ಕಂತಿನವರೆಗಿನ ಗುಟ್ಟುಗಳೆಲ್ಲ ಇಲ್ಲಿ ಬಯಲಾಗುತ್ತವೆ. ನೋಡದವರು ನೋಡಿಕೊಂಡು ಬನ್ನಿ, ಚರ್ಚೆ ಎಲ್ಲಿಗೂ ಓಡಿಹೋಗುವುದಿಲ್ಲ.

2019ರಲ್ಲಿ ‘ದಿ ಫ್ಯಾಮಿಲಿ ಮ್ಯಾನ್’ ಶುರುವಾದಾಗಿನಿಂದ ಒಂದು ಮಾತು ಕೇಳುತ್ತಲೇ ಇದ್ದೇನೆ. ಶ್ರೀಕಾಂತ್ ತಿವಾರಿ ಕರ್ತವ್ಯ ಮತ್ತು ಸಂಸಾರದ ನಡುವೆ ಅಡಕತ್ತರಿಯಲ್ಲಿ ಸಿಕ್ಕಿದ ಬೇಹುಗಾರ ಎಂದು. ಸಿಕ್ಕಿರುವುದು ನಿಜ. ಆದರೆ ಬಿಡಿಸಿಕೊಳ್ಳುವ ಆಸೆ ಅವನಿಗೆ ಎಲ್ಲಿದೆ? ಎರಡನೆಯ ಸೀಸನ್ನಿನಲ್ಲಿ ಕೆಲಸ ಬಿಟ್ಟು ಐಟಿ ಕಂಪನಿ ಸೇರುತ್ತಾನೆ. ಹೊತ್ತಿಗೆ ಸರಿಯಾಗಿ ಮನೆ, ಕೈತುಂಬ ಸಂಬಳ, ಎಳೆಯ ವಯಸ್ಸಿನ ಮೇಲಧಿಕಾರಿಯ ಉಪದೇಶ. ಅಷ್ಟೆಲ್ಲ ಇದ್ದೂ ಹಳೆಯ ಸಹೋದ್ಯೋಗಿ ಜೆಕೆಗೆ ಫೋನ್ ಮಾಡಿ, ಚೆನ್ನೈಯಲ್ಲಿ ಏನು ನಡೆಯುತ್ತಿದೆ ಎಂದು ಕೇಳದೆ ಅವನಿಗೆ ಸಮಾಧಾನವಿಲ್ಲ. ಇವನು ಬಿಡಲಾರದವನು. ಬೇಡವೆನ್ನುವವನೇ ಬೇರೆ.

ಬೇಡವೆನ್ನುವವನನ್ನು ನೋಡಬೇಕಾದರೆ ಫಿಲಿಪ್ ಜೆನ್ನಿಂಗ್ಸ್‌ನನ್ನು ನೋಡಬೇಕು. ಗೊತ್ತಿಲ್ಲದವರಿಗಾಗಿ ಎರಡು ಮಾತು. ‘ದಿ ಅಮೆರಿಕನ್ಸ್’ ಬಂದದ್ದು 2013ರಿಂದ 2018ರವರೆಗೆ, ಆರು ಸೀಸನ್, ಒಟ್ಟು 75 ಕಂತು. ಕಥೆ ಆರಂಭವಾಗುವುದು 1981ರಲ್ಲಿ, ರೇಗನ್ ಅಧ್ಯಕ್ಷರಾದ ಹೊಸತರಲ್ಲಿ. ಫಿಲಿಪ್ ಮತ್ತು ಎಲಿಜಬೆತ್ ವಾಷಿಂಗ್ಟನ್ ಪಕ್ಕದ ಫಾಲ್ಸ್ ಚರ್ಚ್‌ನಲ್ಲಿ ಮನೆ ಮಾಡಿಕೊಂಡು ಟ್ರಾವೆಲ್ ಏಜೆನ್ಸಿ ನಡೆಸುವ ಅಪ್ಪಟ ಅಮೆರಿಕನ್ ದಂಪತಿ. ನಿಜದಲ್ಲಿ ಇಬ್ಬರೂ ಸೋವಿಯತ್ ಗೂಢಚಾರ ಸಂಸ್ಥೆ ಕೆಜಿಬಿಯವರು. ಮದುವೆ ಮಾಡಿಸಿದ್ದೂ ಕೆಜಿಬಿಯೇ. ಮಕ್ಕಳಾದ ಪೇಜ್ ಮತ್ತು ಹೆನ್ರಿ ಇಬ್ಬರಿಗೂ ಮೊದಲಿಗೆ ಏನೂ ತಿಳಿಯದು. ಎದುರು ಮನೆಗೆ ಬಂದು ಸೇರುವವನು ಎಫ್‌ಬಿಐನ ಸ್ಟಾನ್ ಬೀಮನ್, ಇಂಥವರನ್ನು ಹಿಡಿಯುವುದೇ ಅವನ ಕೆಲಸ.

ಮೊದಲ ಕಂತಿನಲ್ಲೇ ಫಿಲಿಪ್ ಬಾಯಿಬಿಡುತ್ತಾನೆ. ಸೋವಿಯತ್ ಪಕ್ಷ ಬಿಟ್ಟು ಓಡಿಬಂದ ಒಬ್ಬನನ್ನು ಕಟ್ಟಿಹಾಕಿ ತಮ್ಮದೇ ಕಾರಿನ ಡಿಕ್ಕಿಯಲ್ಲಿ ಮಲಗಿಸಿದ್ದಾರೆ. ಇವನನ್ನು ಒಪ್ಪಿಸಿ ನಾವೂ ಆ ಕಡೆ ಸೇರಿಬಿಡೋಣ, ಹಣ ಕೊಡುತ್ತಾರೆ, ಮಕ್ಕಳು ನೆಮ್ಮದಿಯಾಗಿ ಇರುತ್ತಾರೆ ಎನ್ನುತ್ತಾನೆ. ಕೊಡುವ ಕಾರಣಗಳೋ! ಇಲ್ಲಿ ಕರೆಂಟ್ ಹೋಗುವುದಿಲ್ಲ, ಊಟ ಚೆನ್ನಾಗಿದೆ, ಬಟ್ಟೆ ಇಡುವ ಕಪಾಟು ದೊಡ್ಡದಾಗಿದೆ. ಸಿದ್ಧಾಂತದ ಒಂದು ಮಾತೂ ಇಲ್ಲ. ಎಲಿಜಬೆತ್ ಅವನನ್ನು ನೋಡುವ ನೋಟದಲ್ಲಿ ಅಸಹ್ಯವಿದೆ.

ಕೊನೆಗೂ ಅವನು ಕೆಲಸ ಬಿಡುತ್ತಾನೆ, ಆರನೆಯ ಸೀಸನ್ನಿನ ಹೊತ್ತಿಗೆ. ನನ್ನ ಪ್ರಶ್ನೆ ಇಷ್ಟೇ. ಮನೆಗಾಗಿ ಬಿಟ್ಟನೇ, ತನಗಾಗಿಯೇ? ನನ್ನ ಮಟ್ಟಿಗೆ ತನಗಾಗಿ. ಅದರಲ್ಲಿ ತಪ್ಪೇನೂ ನನಗೆ ಕಾಣುವುದಿಲ್ಲ.

ಸುರಗಿ

ತಪ್ಪೇನೂ ಕಾಣದಿದ್ದರೆ ಆರನೆಯ ಸೀಸನ್ನಿನ ಮೊದಲ ಕಂತನ್ನು ಮತ್ತೊಮ್ಮೆ ನೋಡಿ. 1987. ಫಿಲಿಪ್ ಬೂಟು ಹಾಕಿಕೊಂಡು ಸಾಲಿನಲ್ಲಿ ನಿಂತು ಹಳ್ಳಿಗಾಡಿನ ಕುಣಿತ ಕುಣಿಯುತ್ತಿದ್ದಾನೆ, ಮುಖದಲ್ಲಿ ಕಳೆ. ಅದೇ ಹೊತ್ತಿನಲ್ಲಿ ಎಲಿಜಬೆತ್ ನಿದ್ದೆಯಿಲ್ಲದೆ, ಸಿಗರೇಟಿನ ಮೇಲೆ ಸಿಗರೇಟು ಸೇದುತ್ತ, ಕೊರಳಿನಲ್ಲಿ ಸಯನೈಡ್ ತುಂಬಿದ ಪದಕ ಹಾಕಿಕೊಂಡು ತಿರುಗುತ್ತಿದ್ದಾಳೆ. ಇಬ್ಬರು ಮಾಡುತ್ತಿದ್ದುದನ್ನು ಒಬ್ಬಳು ಮಾಡಬೇಕು.

ಇನ್ನೊಂದು ವಿಷಯವನ್ನು ಯಾರೂ ಹೇಳುವುದಿಲ್ಲ. ಫಿಲಿಪ್ ಬಿಟ್ಟುಹೋದ ಜಾಗಕ್ಕೆ ಯಾರು ಬಂದರು? ಪೇಜ್. ಮಗಳನ್ನು ಈ ಕೆಲಸಕ್ಕೆ ಎಳೆಯಬಾರದು ಎಂದು ಮೂರನೆಯ ಸೀಸನ್ನಿನ ಉದ್ದಕ್ಕೂ ಹೆಂಡತಿಯ ಜೊತೆ ಜಗಳವಾಡಿದವನು ಇವನೇ. ತಾನು ಹಿಂದೆ ಸರಿದ ಮೇಲೆ ಕಾವಲು ನಿಲ್ಲಲು ಮಗಳು ಹೋಗುತ್ತಾಳೆ, ಇವನು ಟ್ರಾವೆಲ್ ಏಜೆನ್ಸಿಯ ಸಿಬ್ಬಂದಿಗೆ ಹುರುಪಿನ ಭಾಷಣ ಮಾಡುತ್ತಾನೆ. ಅದೂ ಎಂಥ ಏಜೆನ್ಸಿ? ಸಾಲ ಮಾಡಿ ದೊಡ್ಡದು ಮಾಡಿ, ಹೆನ್ರಿಯ ಬೋರ್ಡಿಂಗ್ ಶಾಲೆಯ ಶುಲ್ಕ ಕಟ್ಟಲೂ ಆಗದ ಸ್ಥಿತಿ.

ತನಗಾಗಿ ಬಿಟ್ಟ ಎನ್ನುವುದನ್ನು ಒಪ್ಪುತ್ತೇನೆ. ಬೆಲೆಯನ್ನು ತೆತ್ತವರು ಬೇರೆಯವರು ಎನ್ನುವುದನ್ನೂ ಸೇರಿಸಿಕೊಳ್ಳಿ.

ತಿಂಡಿಪೋತ

ಇಷ್ಟು ಗಂಭೀರವಾದ ಚರ್ಚೆಯಲ್ಲಿ ‘ಚಕ್’ ಹೆಸರು ಹೇಳಿದರೆ ಬೈಯುತ್ತೀರೋ ಏನೋ. ಆದರೂ ಹೇಳುತ್ತೇನೆ. ಒಲ್ಲದ ಬೇಹುಗಾರ ಎಂದರೆ ನನಗೆ ಮೊದಲು ನೆನಪಾಗುವವನು ಚಕ್ ಬಾರ್ಟೋವ್ಸ್ಕಿ. ಬರ್ಬ್ಯಾಂಕ್‌ನ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಜನರ ಕಂಪ್ಯೂಟರ್ ರಿಪೇರಿ ಮಾಡಿಕೊಂಡು, ಅಕ್ಕನ ಮನೆಯಲ್ಲಿ ಇರುವ ಹುಡುಗ. ಹಳೆಯ ಗೆಳೆಯ ಕಳಿಸಿದ ಒಂದು ಇಮೇಲ್ ತೆರೆದ ತಪ್ಪಿಗೆ ಸರ್ಕಾರದ ಗುಟ್ಟುಗಳೆಲ್ಲ ಅವನ ತಲೆಯೊಳಗೆ ಇಳಿದುಬಿಡುತ್ತವೆ. ಅಮೆರಿಕದ ಗುಪ್ತಚರ ಸಂಸ್ಥೆಗಳಲ್ಲಿ ಸಿಐಎ ಒಬ್ಬಳನ್ನು, ಎನ್‌ಎಸ್‌ಎ ಒಬ್ಬನನ್ನು ಕಾವಲಿಗೆ ಹಾಕುತ್ತದೆ. ಇವನ ಬೇಡಿಕೆ ಒಂದೇ: ಇದನ್ನು ನನ್ನ ತಲೆಯಿಂದ ತೆಗೆಯಿರಿ, ನನ್ನ ಪಾಡಿಗೆ ನನ್ನನ್ನು ಬಿಡಿ.

ಫಿಲಿಪ್ ಆದರೂ ಸಹಿ ಹಾಕಿ ಬಂದವನು. ಚಕ್ ಹಾಗಲ್ಲ. ಯಾರೂ ಅವನನ್ನು ಕೇಳಲೇ ಇಲ್ಲ.

ಊಟದ ವಿಷಯ ಬಾರದೆ ನನ್ನ ಬರಹ ಮುಗಿಯುವುದಿಲ್ಲವಾದ್ದರಿಂದ ಒಂದು ಪ್ರಸಂಗ. 2009ರಲ್ಲಿ ಈ ಸರಣಿ ನಿಂತೇಹೋಗುತ್ತದೆ ಎಂಬ ಸುದ್ದಿ ಹಬ್ಬಿತು. ಅಭಿಮಾನಿಗಳು ಅರ್ಜಿ ಬರೆಯುತ್ತ ಕೂರಲಿಲ್ಲ. ಸರಣಿಗೆ ಜಾಹೀರಾತು ಕೊಡುತ್ತಿದ್ದ ಸಬ್‌ವೇ ಅಂಗಡಿಗಳ ಮುಂದೆ ಸಾಲುಗಟ್ಟಿ ಸ್ಯಾಂಡ್‌ವಿಚ್ ಕೊಂಡರು, ನಾವು ಬಂದಿರುವುದು ಚಕ್‌ಗಾಗಿ ಎಂದು ಚೀಟಿ ಬರೆದು ಹಾಕಿದರು. ಎನ್‌ಬಿಸಿ ವಾಹಿನಿ ಮಣಿಯಿತು, ಸಬ್‌ವೇ ಹಣ ಹಾಕಿತು, ಸರಣಿ 2012ರ ಜನವರಿಯವರೆಗೆ ಬದುಕಿತು. ಒಲ್ಲದ ಬೇಹುಗಾರನನ್ನು ಕೆಲಸದಲ್ಲಿ ಮುಂದುವರಿಸಿದ್ದು ಅಭಿಮಾನಿಗಳ ಹೊಟ್ಟೆ!

ಆಂಟೆನಾ

ಬೈಯುವುದಿಲ್ಲ, ನನಗೂ ಚಕ್ ಇಷ್ಟ. ಆದರೆ ಎರಡನೆಯ ಸೀಸನ್ನಿನ ಕೊನೆಯನ್ನು ನೆನಪಿಸಿಕೊಳ್ಳಿ. ಆ ಹೊತ್ತಿಗೆ ತಲೆಯೊಳಗಿನದು ಹೋಗಿದೆ, ಬಿಡುಗಡೆ ಸಿಕ್ಕಿದೆ, ಕೇಳಿದ್ದೆಲ್ಲ ಕೈಯಲ್ಲಿದೆ. ಆಗ ತಾನಾಗಿಯೇ ಹೊಸದನ್ನು ತಲೆಗೆ ಇಳಿಸಿಕೊಳ್ಳುತ್ತಾನೆ, ಮರುಕ್ಷಣವೇ ಕುಂಗ್‌ಫು ಬರುತ್ತದೆ. ಅಲ್ಲಿಗೆ ಒಲ್ಲದ ಬೇಹುಗಾರನ ಕಥೆ ಮುಗಿಯಿತು. ಮುಂದಿನದು ಒಳ್ಳೆಯ ಮನರಂಜನೆ, ಆದರೆ ಬೇರೆ ಕಥೆ.

ಟಿವಿಗೆ ಇದೊಂದು ಪೀಡೆ. ನಾಯಕ ನಿಜವಾಗಿಯೂ ಬೇಡವೆಂದು ಹೊರಟುಹೋದರೆ ಮುಂದಿನ ವಾರ ತೋರಿಸುವುದೇನನ್ನು? ಆದ್ದರಿಂದ ಎಲ್ಲರನ್ನೂ ಹೇಗೋ ವಾಪಸು ಕರೆತರುತ್ತಾರೆ. ಶ್ರೀಕಾಂತನನ್ನು ಹಳೆಯ ಕೆಲಸದ ಸೆಳೆತದಿಂದ, ಚಕ್‌ನನ್ನು ಪ್ರೀತಿಯಿಂದ. ‘ದಿ ಅಮೆರಿಕನ್ಸ್’ ಮಾತ್ರ ಫಿಲಿಪ್‌ನನ್ನು ಕೆಲಸ ಬಿಡಲು ಬಿಟ್ಟು, ಬಿಟ್ಟ ಮೇಲೆ ಏನಾಗುತ್ತದೆ ಎಂದು ಒಂದಿಡೀ ಸೀಸನ್ ತೋರಿಸಿತು.

ಸುರಗಿ ಅವರೇ, ಪೇಜ್ ಬಗ್ಗೆ ನೀವು ಹೇಳಿದ್ದು ಚುಚ್ಚಿತು. ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ಸ್ವಾರ್ಥ ಎನ್ನುವ ಮಾತಿಗೆ ಮಾತ್ರ ಐದನೆಯ ಸೀಸನ್ನಿನ ಟೇಪಿನ ಪ್ರಸಂಗವನ್ನು ಮುಂದಿಡುತ್ತೇನೆ. ಕಿಮ್ಮಿ ಎಂಬ ಹುಡುಗಿಯ ಅಪ್ಪ ಸಿಐಎಯ ದೊಡ್ಡ ಅಧಿಕಾರಿ. ಅವರ ಮನೆಯಲ್ಲಿ ಅಡಗಿಸಿಟ್ಟ ಯಂತ್ರದ ಟೇಪನ್ನು ಫಿಲಿಪ್ ಆಗಾಗ ತಂದು ಕೇಳುತ್ತಾನೆ. ಆ ಹೊತ್ತಿಗೆ ಜೆನ್ನಿಂಗ್ಸ್ ಕುಟುಂಬ ರಷ್ಯಾಕ್ಕೆ ಮರಳುವುದೆಂದು ನಿರ್ಧಾರವಾಗಿದೆ, ಎಲಿಜಬೆತ್ ಕೂಡ ಒಪ್ಪಿದ್ದಾಳೆ. ಕೊನೆಯ ಸಲ ಎಂಬಂತೆ ಕೇಳುತ್ತ ಕೂತ ಟೇಪಿನಲ್ಲಿ ಸುದ್ದಿ: ಕಿಮ್ಮಿಯ ಅಪ್ಪ ಸೋವಿಯತ್ ವಿಭಾಗದ ಮುಖ್ಯಸ್ಥನಾಗಿದ್ದಾನೆ. ಇದಕ್ಕಿಂತ ದೊಡ್ಡ ಕಿಂಡಿ ಕೆಜಿಬಿಗೆ ಸಿಗಲಾರದು. ಹೇಳಿದರೆ ಊರಿಗೆ ಹೋಗುವುದು ರದ್ದು. ಟೇಪು ಅಳಿಸಿದರೆ ಕೇಳುವವರು ಯಾರೂ ಇಲ್ಲ. ಅವನು ಸುಮ್ಮನೆ ಕೂರುತ್ತಾನೆ. ಫಿಲಿಪ್ ಪಾತ್ರದ ಮ್ಯಾಥ್ಯೂ ರೀಸ್‌ನ ಮುಖವನ್ನು ಕ್ಯಾಮೆರಾ ಬಿಡುವುದಿಲ್ಲ. ಆಮೇಲೆ ಹೋಗಿ ಹೆಂಡತಿಗೆ ಹೇಳುತ್ತಾನೆ.

ಹೇಳಿದ್ದು ಯಾಕೆ? ದೇಶಕ್ಕಾಗಿ ಅಲ್ಲ, ಅವನ ದೇಶಭಕ್ತಿ ಆಗಲೇ ತಳಕಂಡಿತ್ತು. ಅವಳಿಗೆ ಸುಳ್ಳು ಹೇಳಲಾರದೆ ಹೇಳಿದ. ಅವನ ಪಾಲಿಗೆ ಕರ್ತವ್ಯವೆಂದರೆ ಎಲಿಜಬೆತ್ತೇ.

ನಕ್ಷತ್ರಿಕ

ಕಣ್ಣೀರು ಸಾಕು. ಲೆಕ್ಕ ನೋಡೋಣ.

ಎಫ್‌ಬಿಐ ಕಚೇರಿಯ ಕಾರ್ಯದರ್ಶಿ ಮಾರ್ಥಾಳನ್ನು ಕ್ಲಾರ್ಕ್ ಎಂಬ ಸುಳ್ಳು ಹೆಸರಿನಲ್ಲಿ ಮದುವೆಯಾದವನು ಯಾರು? ಅವಳ ಮೇಲೆ ಅನುಮಾನ ಬಂದಾಗ, ಅದೇ ಕಚೇರಿಯ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಜೀನ್ ಎಂಬ ಪಾಪದವನನ್ನು ಕೊಂದು, ಆತ್ಮಹತ್ಯೆಯಂತೆ ಕಾಣಿಸಿದವನು ಯಾರು? ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದ ಕಾವಲುಗಾರ ಹುಡುಗನನ್ನು ಕತ್ತು ಹಿಸುಕಿದವನು? ಪ್ರತಿ ಸಲವೂ ಕೊಂದಾದ ಮೇಲೆ ಫಿಲಿಪ್‌ನ ಮುಖ ಬಾಡುತ್ತದೆ, ನಾವು ‘ಅಯ್ಯೋ, ಎಷ್ಟು ನೊಂದಿದ್ದಾನೆ’ ಎನ್ನುತ್ತೇವೆ. ಸತ್ತವನ ಮನೆಯವರನ್ನು ಕ್ಯಾಮೆರಾ ಹೋಗಿ ನೋಡುವುದು ಅಪರೂಪ.

ಒಲ್ಲದ ಮನಸ್ಸಿನಿಂದ ಕೊಂದರೂ ಕೊಲೆ ಕೊಲೆಯೇ. ಎಲಿಜಬೆತ್ ಮೇಲು, ತಾನು ಮಾಡುವುದನ್ನು ನಂಬಿ ಮಾಡುತ್ತಾಳೆ. ಇವನು ನಂಬಿಕೆಯಿಲ್ಲದೆ ವರ್ಷಗಟ್ಟಲೆ ಮಾಡಿದ. ಯಾವುದು ಹೆಚ್ಚು ಹೇಸಿಗೆ ಎಂದು ನೀವೇ ಹೇಳಿ.

ತಾಳೆಗರಿ

ಕೌಟಿಲ್ಯನನ್ನು ಕರೆಯದೆ ಬೇಹುಗಾರರ ಚರ್ಚೆ ಮುಗಿಸುವುದು ಸರಿಯಲ್ಲ. ‘ಅರ್ಥಶಾಸ್ತ್ರ’ವನ್ನು ಲೋಕಕ್ಕೆ ಮತ್ತೆ ಕೊಟ್ಟವರೇ ನಮ್ಮವರು. ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಬಂದ ತಾಳೆಗರಿಯನ್ನು ಗುರುತಿಸಿ ಆರ್. ಶಾಮಶಾಸ್ತ್ರಿಗಳು ಅಚ್ಚು ಹಾಕಿಸಿದ್ದು 1909ರಲ್ಲಿ.

ಅದರ ಮೊದಲ ಅಧಿಕರಣದಲ್ಲಿ ಒಂದೆಡೆ ನೆಲೆನಿಂತು ಕೆಲಸ ಮಾಡುವ ಐದು ಬಗೆಯ ಗೂಢಚಾರರು ಬರುತ್ತಾರೆ: ಕಾಪಟಿಕ, ಉದಾಸ್ಥಿತ, ಗೃಹಪತಿಕ, ವೈದೇಹಕ, ತಾಪಸ. ಗೃಹಪತಿಕನೆಂದರೆ ಬೇಸಾಯ ಕೈಕೊಟ್ಟು ಕಷ್ಟಕ್ಕೆ ಬಿದ್ದ ಗೃಹಸ್ಥ. ವೈದೇಹಕನೆಂದರೆ ವ್ಯಾಪಾರ ಕೆಟ್ಟ ವರ್ತಕ. ರಾಜ್ಯವೇ ಜಮೀನನ್ನೋ ಬಂಡವಾಳವನ್ನೋ ಕೊಟ್ಟು ಕೂರಿಸುತ್ತದೆ. ಊರಿನ ಕಣ್ಣಿಗೆ ಅವನು ಸಂಸಾರಸ್ಥ, ಅಂಗಡಿಕಾರ. ಕೆಜಿಬಿಯ ಹಣದಲ್ಲಿ ನಡೆಯುವ ಟ್ರಾವೆಲ್ ಏಜೆನ್ಸಿ ಇದಕ್ಕಿಂತ ಬೇರೆಯೇನು?

ಇನ್ನೂ ಖಾರವಾದದ್ದು ಮುಂದಿದೆ. ಊರೂರು ತಿರುಗುವ ಗೂಢಚಾರರಲ್ಲಿ ‘ಸತ್ರಿ’ಗಳೆಂಬುವರು ಬಂಧುಬಳಗವಿಲ್ಲದವರು, ರಾಜ್ಯವೇ ಸಾಕಿ ವಿದ್ಯೆ ಕಲಿಸಿದವರು. ಎರಡೂ ಕಡೆ ಸಂಬಳ ಪಡೆಯುವ ‘ಉಭಯವೇತನ’ರ ವಿಷಯದಲ್ಲಿ ಇನ್ನೂ ಎಚ್ಚರ: ಅವರ ಹೆಂಡತಿ ಮಕ್ಕಳು ರಾಜನ ವಶದಲ್ಲಿ ಇರಬೇಕು. ಅಂದರೆ ಬೇಹುಗಾರನಿಗೆ ಮನೆ ಇರಬಾರದು, ಇದ್ದರೆ ಅದು ಒತ್ತೆಯಾಗಿರಬೇಕು. ನೀವೆಲ್ಲ ಕರ್ತವ್ಯ ಮತ್ತು ಸಂಸಾರ ಎಂದು ಎರಡು ತಟ್ಟೆ ಇಟ್ಟು ತೂಗುತ್ತಿದ್ದೀರಿ. ಕೌಟಿಲ್ಯನ ಕಣ್ಣಿನಲ್ಲಿ ಸಂಸಾರವೂ ಆಡಳಿತದ ಕೈಯಲ್ಲಿರುವ ಉಪಕರಣವೇ. ಕೆಜಿಬಿ ಪೇಜಳನ್ನೂ ತನಗೆ ಕೊಡಿ ಎಂದು ಕೇಳಿದ್ದು ಸುಮ್ಮನೆ ಅಲ್ಲ.

ಜರ್ಸಿ ಕನ್ನಡಿಗ

ತಾಳೆಗರಿ ಅವರು ಹೇಳಿದ್ದಕ್ಕೆ ನಮ್ಮ ಕಾಲದ ಸಾಕ್ಷಿ ಇಲ್ಲಿದೆ, ಕಥೆಯಲ್ಲ. ಜ್ಯಾಕ್ ಬಾರ್ಸ್ಕಿ. ನಿಜವಾದ ಹೆಸರು ಆಲ್ಬ್ರೆಕ್ಟ್ ಡಿಟ್ರಿಚ್, ಪೂರ್ವ ಜರ್ಮನಿಯವನು, ಓದಿದ್ದು ರಸಾಯನಶಾಸ್ತ್ರ. ಬಾಲ್ಯದಲ್ಲೇ ತೀರಿಹೋದ ಒಬ್ಬ ಅಮೆರಿಕನ್ ಹುಡುಗನ ಹೆಸರಿನಲ್ಲಿ ಕೆಜಿಬಿ ಅವನನ್ನು 1978ರಲ್ಲಿ ಅಮೆರಿಕಕ್ಕೆ ಕಳಿಸಿತು. ನ್ಯೂಯಾರ್ಕಿನಲ್ಲಿ ಸೈಕಲ್ ಮೇಲೆ ಕಾಗದಪತ್ರ ತಲುಪಿಸುತ್ತಿದ್ದವನು ಆಮೇಲೆ ಕಾಲೇಜು ಓದಿ, ವಿಮಾ ಕಂಪನಿಯಲ್ಲಿ ಪ್ರೋಗ್ರಾಮರ್ ಆದ.

1988ರಲ್ಲಿ, ಅವನು ದಿನವೂ ಓಡಾಡುವ ಸುರಂಗ ರೈಲಿನ ನಿಲ್ದಾಣದ ಕಂಬದ ಮೇಲೆ ಕೆಂಪು ಬಣ್ಣದ ಚುಕ್ಕೆ ಕಾಣಿಸಿತು. ಅಪಾಯ, ಕೂಡಲೇ ಹೊರಟು ಬಾ ಎಂದು ಅದರ ಅರ್ಥ. ಅಷ್ಟರಲ್ಲಿ ಇಲ್ಲಿ ಅವನಿಗೆ ಮದುವೆಯಾಗಿ ಪುಟ್ಟ ಮಗಳಿದ್ದಳು. ಹೋಗಲಿಲ್ಲ. ತನಗೆ ಏಡ್ಸ್ ತಗಲಿದೆ, ಚಿಕಿತ್ಸೆ ಅಮೆರಿಕದಲ್ಲೇ ಸಿಗುವುದು ಎಂದು ಕೆಜಿಬಿಗೆ ಬರೆದು ಕಳಿಸಿದ. ಆ ಕಾಲದಲ್ಲಿ ಆ ರೋಗದ ಹೆಸರು ಕೇಳಿದರೆ ಯಾರೂ ಹತ್ತಿರ ಬರುತ್ತಿರಲಿಲ್ಲ, ಕೆಜಿಬಿಯೂ ಬರಲಿಲ್ಲ.

ಇನ್ನು ಸ್ವಾರಸ್ಯದ ಭಾಗ. ತೊಂಬತ್ತರ ದಶಕದಲ್ಲಿ ಎಫ್‌ಬಿಐಗೆ ಸುಳಿವು ಸಿಕ್ಕಿತು. ಹಿಡಿಯುವ ಬದಲು ಅವನ ಪಕ್ಕದ ಮನೆಯನ್ನೇ ಕೊಂಡುಕೊಂಡರು, ಅಡಿಗೆಮನೆಯಲ್ಲಿ ಕದ್ದಾಲಿಸುವ ಯಂತ್ರ ಇಟ್ಟರು. ಒಂದು ದಿನ ಹೆಂಡತಿಯ ಜೊತೆ ಜಗಳವಾಡುವಾಗ, ನಿನಗಾಗಿ ಮಗಳಿಗಾಗಿ ನಾನು ಏನೇನು ಬಿಟ್ಟೆ ಗೊತ್ತೇ ಎಂದು ತಾನು ಕೆಜಿಬಿಯವನೆಂಬುದನ್ನು ಅವನೇ ಬಾಯಿಬಿಟ್ಟ. 1997ರಲ್ಲಿ ರಸ್ತೆಯಲ್ಲಿ ಕಾರು ನಿಲ್ಲಿಸಿ ಮಾತನಾಡಿಸಿದರು. ಜೈಲಾಗಲಿಲ್ಲ, ಗೊತ್ತಿದ್ದುದನ್ನೆಲ್ಲ ಹೇಳಿ ಇಲ್ಲಿಯೇ ಉಳಿದ. ಸ್ಟಾನ್ ಬೀಮನ್ ಎದುರು ಮನೆಗೆ ಬರುವುದು ಕಥೆಗಾಗಿ ಮಾಡಿದ ಕಾಕತಾಳೀಯ ಎಂದು ನಗುವವರು ಇದನ್ನು ಓದಲಿ.

ಸುರಗಿ

ಜರ್ಸಿ ಸರ್, ಕಥೆ ಚೆನ್ನಾಗಿದೆ. ಆದರೆ ಅರ್ಧ ಬಿಟ್ಟಿದ್ದೀರಿ. ಜರ್ಮನಿಯಲ್ಲಿ ಅವನಿಗೆ ಇನ್ನೊಬ್ಬಳು ಹೆಂಡತಿ, ಒಬ್ಬ ಮಗ ಇದ್ದರಲ್ಲವೇ? ಮಗಳಿಗಾಗಿ ಉಳಿದ ಎನ್ನುವ ವಾಕ್ಯದ ಹಿಂದೆಯೇ ಮಗನನ್ನು ಬಿಟ್ಟ ಎನ್ನುವ ವಾಕ್ಯವಿದೆ.

ಫಿಲಿಪ್‌ನದೂ ಅದೇ. ಅವನಿಗೂ ರಷ್ಯಾದಲ್ಲಿ ಮೀಶಾ ಎಂಬ ಮಗನಿದ್ದಾನೆ. ಐದನೆಯ ಸೀಸನ್ನಿನಲ್ಲಿ ಆ ಹುಡುಗ ಎಷ್ಟೋ ಗಡಿ ದಾಟಿ ಅಪ್ಪನನ್ನು ಹುಡುಕಿಕೊಂಡು ಅಮೆರಿಕದವರೆಗೆ ಬರುತ್ತಾನೆ. ಪಾರ್ಕಿನ ಬೆಂಚಿನ ಮೇಲೆ ಅವನನ್ನು ಭೇಟಿಯಾಗುವುದು ಅಪ್ಪನಲ್ಲ, ಅಪ್ಪನ ಮೇಲ್ವಿಚಾರಕ ಗೇಬ್ರಿಯಲ್. ವಾಪಸು ಕಳಿಸುತ್ತಾನೆ.

ಕೊಡಗಿನ ಮಗಳು

ಓದಿಕೊಂಡು ಸುಮ್ಮನಿರೋಣ ಎಂದಿದ್ದೆ, ಆಗಲಿಲ್ಲ. ನಮ್ಮದು ಸೈನ್ಯದ ಮನೆ. ಅಪ್ಪ ಬೇಹುಗಾರರೇನೂ ಅಲ್ಲ, ಆದರೆ ಎಲ್ಲಿದ್ದಾರೆ ಎಂದು ಕೇಳಬಾರದು ಎನ್ನುವುದು ನಮಗೆ ಅಕ್ಷರ ಕಲಿಯುವ ಮೊದಲೇ ಗೊತ್ತಿತ್ತು. ರಜೆಗೆ ಬಂದಾಗ ನಮ್ಮ ತರಗತಿ ಯಾವುದು ಎಂದು ಅಮ್ಮನನ್ನು ಮೆಲ್ಲಗೆ ಕೇಳುತ್ತಿದ್ದರು, ನಮಗೆ ಕೇಳಿಸುತ್ತಿತ್ತು. ಆದ್ದರಿಂದ ಇಂಥ ಸರಣಿಗಳಲ್ಲಿ ನನ್ನ ಕಣ್ಣು ಮೊದಲು ಹೋಗುವುದು ಮನೆಯಲ್ಲಿ ಕೂತವರ ಕಡೆಗೆ.

‘ಫ್ಯಾಮಿಲಿ ಮ್ಯಾನ್’ನಲ್ಲಿ ಸುಚಿತ್ರಾಳನ್ನು ಬೈದವರಿಗೆ ಲೆಕ್ಕವಿಲ್ಲ. ಗಂಡ ದೇಶ ಕಾಯುತ್ತಿದ್ದರೆ ಇವಳಿಗೆ ಗೊಣಗಾಟವೇ, ಸಹೋದ್ಯೋಗಿಯ ಜೊತೆ ಹೋದ ಲೋನಾವಳಾದಲ್ಲಿ ಏನಾಯಿತು, ಹೀಗೆ. ಅವಳಿಗೆ ತಿಳಿದಿದ್ದ ಮಟ್ಟಿಗೆ ಗಂಡ ಕಡತ ನೋಡುವ ಸರ್ಕಾರಿ ನೌಕರ. ಶಾಲೆಗೆ ಬಾ ಎಂದರೆ ಬರುವುದಿಲ್ಲ, ಬಂದರೂ ಫೋನಿನಲ್ಲಿ ಮುಳುಗಿರುತ್ತಾನೆ. ಅಂಥ ಗಂಡನನ್ನು ಯಾವ ಹೆಂಡತಿ ಮೆಚ್ಚುತ್ತಾಳೆ? ನಮ್ಮ ಬೆಂಗಳೂರಿನಲ್ಲಿ ಬೆಳೆದ ಪ್ರಿಯಾಮಣಿ ಆ ಪಾತ್ರವನ್ನು ಅಳುಬುರುಕಿ ಮಾಡದೆ, ಸುಸ್ತಾದ ಹೆಂಗಸಾಗಿ ಮಾಡಿದ್ದಾರೆ. ಅವಳಿಗೂ ಒಂದು ಉದ್ಯೋಗ, ಒಂದು ಆಸೆ ಇದೆ ಎನ್ನುವುದು ಅವರ ನಡಿಗೆಯಲ್ಲೇ ಗೊತ್ತಾಗುತ್ತದೆ.

ಒಲ್ಲದ ಬೇಹುಗಾರನಿಗೆ ಬೇಕಾದ ‘ಸಾಮಾನ್ಯ ಬದುಕು’ ಯಾವುದು ಹೇಳಿ? ಬೇರೆಯವರು ನಡೆಸಿ, ಬೇಯಿಸಿ, ಕಾದು ಇಟ್ಟದ್ದು. ಇವನು ದಣಿದು ಬಂದಾಗ ಅದು ಬಿಸಿಯಾಗಿ ಸಿದ್ಧವಿರಬೇಕು.

ನಕ್ಷತ್ರಿಕ

ಕೊಡಗಿನ ಮಗಳು ಅವರು ಹೇಳಿದ ಕೊನೆಯ ಮಾತಿಗೆ ಮೇಲಿನವರು ಉತ್ತರ ಕೊಡಲಿ, ನಾನು ಕಾಯುತ್ತೇನೆ.

ಆಂಟೆನಾ

ಕೊಡುತ್ತೇನೆ. ಆರನೆಯ ಸೀಸನ್ನಿನಲ್ಲಿ ಫಿಲಿಪ್ ಬರಿಯ ಕುಣಿತದಲ್ಲಿ ಕಾಲ ಕಳೆಯುವುದಿಲ್ಲ. ಗೋರ್ಬಚೆವ್ ಅಮೆರಿಕಕ್ಕೆ ಬಂದು ಕ್ಷಿಪಣಿ ಒಪ್ಪಂದಕ್ಕೆ ಸಹಿ ಹಾಕುವ ಕಾಲ ಅದು, 1987ರ ಡಿಸೆಂಬರ್. ಕೆಜಿಬಿಯ ಒಂದು ಗುಂಪಿಗೆ ಅದು ಬೇಡ. ಆ ಗುಂಪು ಎಲಿಜಬೆತ್‌ಳನ್ನು ಬಳಸಿಕೊಳ್ಳುತ್ತಿದೆ, ಅವಳಿಗೆ ತಿಳಿಯದು. ಆ ಗುಂಪನ್ನು ವಿರೋಧಿಸುವವರ ಪರವಾಗಿ ಒಲೆಗ್ ಎಂಬ ರಷ್ಯನ್ ಬಂದು ಫಿಲಿಪ್‌ನನ್ನು ಕೇಳುತ್ತಾನೆ: ನಿನ್ನ ಹೆಂಡತಿ ಏನು ಮಾಡುತ್ತಿದ್ದಾಳೆ ಎಂದು ನೋಡಿ ನಮಗೆ ಹೇಳು. ಬೇಹುಗಾರಿಕೆ ಬಿಟ್ಟವನಿಗೆ ಸಿಕ್ಕಿದ ಮೊದಲ ಕೆಲಸ ಸ್ವಂತ ಹೆಂಡತಿಯ ಮೇಲೆ ಬೇಹುಗಾರಿಕೆ! ಬಿಟ್ಟು ಹೊರಬಂದೆನೆಂದುಕೊಂಡ ಬಾಗಿಲು ಅವನದೇ ಮಲಗುವ ಕೋಣೆಗೆ ತೆರೆದುಕೊಂಡಿತು.

ಷಿಕಾಗೋದಲ್ಲಿ ಅವಳು ಒಂಟಿಯಾಗಿ ಸಿಕ್ಕಿಬಿದ್ದು ಫೋನ್ ಮಾಡಿದಾಗ ತಾನಾಗಿ ಹೋಗುತ್ತಾನೆ. ಅಲ್ಲಿ ಸತ್ತ ತಮ್ಮದೇ ಸಂಗಾತಿಯ ಗುರುತು ಸಿಗಬಾರದೆಂದು ಕೊಡಲಿ ಹಿಡಿಯಬೇಕಾದವನೂ ಅವನೇ. ನಕ್ಷತ್ರಿಕ ಅವರ ಲೆಕ್ಕಕ್ಕೆ ಇದನ್ನೂ ಸೇರಿಸಿಕೊಳ್ಳಲಿ. ಆದರೆ ಅದೇ ಸೀಸನ್ನಿನಲ್ಲಿ ಕಿಮ್ಮಿಯನ್ನು ಬಲ್ಗೇರಿಯಕ್ಕೆ ಕರೆಸಿ ಬಂಧಿಸುವ ಸಂಚಿಗೆ ಒಪ್ಪಿದವನು, ಆಮೇಲೆ ಅವಳಿಗೇ ಫೋನ್ ಮಾಡಿ ಯಾರು ಕರೆದರೂ ಕಮ್ಯುನಿಸ್ಟ್ ದೇಶಕ್ಕೆ ಹೋಗಬೇಡ ಎನ್ನುತ್ತಾನೆ. ಇದರಿಂದ ಅವನಿಗೂ ಲಾಭವಿಲ್ಲ, ಮನೆಗೂ ಇಲ್ಲ. ಅವನ ಒಲ್ಲೆ ಎನ್ನುವುದಕ್ಕೆ ಮೊದಲ ಬಾರಿಗೆ ಬೇರೊಬ್ಬರ ಜೀವ ಉಳಿಯಿತು.

ಮನೆಯಲ್ಲಿ ಕೂತವರು ತೆರುವ ಬೆಲೆಯ ಮಾತು ನಿಜ, ಅದನ್ನು ಅಲ್ಲಗಳೆಯುವುದಿಲ್ಲ. ಅದನ್ನು ಸರಣಿಯೂ ಬಲ್ಲದು ಎನ್ನುವುದಷ್ಟೇ ನನ್ನ ವಾದ.

ಸುರಗಿ

ಹಾಗಾದರೆ ಎಲಿಜಬೆತ್‌ಳ ತಿರುವನ್ನೂ ಹೇಳಿಬಿಡಿ. ಆರು ಸೀಸನ್ ಉದ್ದಕ್ಕೂ ಒಮ್ಮೆಯೂ ಅನುಮಾನಪಡದವಳು, ಕೊನೆಗೆ ತನ್ನವರೇ ಸುಳ್ಳು ಹೇಳಿದರೆಂದು ತಿಳಿದಾಗ, ಕೊಲ್ಲು ಎಂದು ಆಜ್ಞೆ ಬಂದ ಸೋವಿಯತ್ ಪ್ರತಿನಿಧಿಯನ್ನು ಕೊಲ್ಲುವುದಿಲ್ಲ. ಕೊಲ್ಲಲು ಬಂದ ಕೆಜಿಬಿಯ ಹೆಂಗಸನ್ನೇ ತಡೆದು ಮುಗಿಸುತ್ತಾಳೆ. ಫಿಲಿಪ್ ಮೊದಲ ಕಂತಿನಿಂದಲೂ ಹೊಸ್ತಿಲ ಮೇಲೆ ನಿಂತವನು, ಅವನು ಅತ್ತ ವಾಲಿದರೆ ಆಶ್ಚರ್ಯವಿಲ್ಲ. ಎಲಿಜಬೆತ್ ಪಾತ್ರದ ಕೆರಿ ರಸೆಲ್ ಅಷ್ಟು ಬಿಗಿಯಾಗಿ ಹಿಡಿದಿದ್ದ ಮುಖ ಅಲ್ಲಿ ಸಡಿಲವಾಗುತ್ತದಲ್ಲ, ನನಗೆ ಈ ಸರಣಿಯ ನಿಜವಾದ ಒಲ್ಲದ ಬೇಹುಗಾರ್ತಿ ಹುಟ್ಟಿದ್ದು ಆಗಲೇ.

ಪ್ರಶಸ್ತಿ ಮಾತ್ರ ಗಂಡನಿಗೆ ಹೋಯಿತು. 2018ರ ಎಮ್ಮಿ ಮ್ಯಾಥ್ಯೂ ರೀಸ್‌ಗೆ. ಹೆಂಡತಿ ದುಡಿಯುವುದು, ಗಂಡ ಹಾರ ಹಾಕಿಸಿಕೊಳ್ಳುವುದು ಎಲ್ಲ ಕಡೆಯೂ ಒಂದೇ!

ಜರ್ಸಿ ಕನ್ನಡಿಗ

ಗ್ಯಾರೇಜಿನ ದೃಶ್ಯದ ಬಗ್ಗೆ ಯಾರೂ ಬರೆಯಲಿಲ್ಲವಲ್ಲ?

ಆಂಟೆನಾ

ಅದನ್ನು ಉಳಿಸಿಕೊಂಡಿದ್ದೆ. ಕೊನೆಯ ಕಂತು. ಪೇಜಳನ್ನು ಕರೆದುಕೊಂಡು ಓಡಿಹೋಗಲು ಗ್ಯಾರೇಜಿಗೆ ಇಳಿದರೆ ಸ್ಟಾನ್ ಬಂದೂಕು ಹಿಡಿದು ನಿಂತಿದ್ದಾನೆ. ಹತ್ತು ನಿಮಿಷಕ್ಕೂ ಹೆಚ್ಚು ಹೊತ್ತು ನಾಲ್ಕು ಜನ ಬರಿಯ ಮಾತನಾಡುತ್ತಾರೆ. ಒಂದು ಗುಂಡೂ ಹಾರುವುದಿಲ್ಲ. ಫಿಲಿಪ್ ಮೊದಲು ಸುಳ್ಳು ಹೇಳಿ ನೋಡುತ್ತಾನೆ, ಆಮೇಲೆ ಸೋಲುತ್ತಾನೆ. ನಾವು ಒಂದು ಕೆಲಸ ಮಾಡಿಕೊಂಡಿದ್ದೆವು, ನಾನಂತೂ ಬಿಟ್ಟು ಬಹಳ ಕಾಲವಾಯಿತು, ಈಗ ನಾನು ದಿವಾಳಿಯೆದ್ದ ಒಬ್ಬ ಟ್ರಾವೆಲ್ ಏಜೆಂಟ್ ಅಷ್ಟೇ ಎನ್ನುವ ಅರ್ಥದಲ್ಲಿ ಮಾತನಾಡುತ್ತಾನೆ. ಗೆಳೆತನ ನಿಜವಾಗಿತ್ತು ಎನ್ನುತ್ತಾನೆ. ಜೀನ್ ಸಾವಿನ ಬಗ್ಗೆ ಬಾಯಿಬಿಡುವುದಿಲ್ಲ. ನಿಜ ಹೇಳುವಾಗಲೂ ಬೇಕಾದಷ್ಟನ್ನೇ ಹೇಳುತ್ತಾನೆ, ವೃತ್ತಿ ಬಿಟ್ಟರೂ ಕೈಚಳಕ ಬಿಡದು. ನಾನು ಅದನ್ನು ನೋಡಿದಾಗಲೆಲ್ಲ ಇವನು ಈಗ ನಟಿಸುತ್ತಿದ್ದಾನೋ ಇಲ್ಲವೋ ಎಂದು ತೀರ್ಮಾನಿಸಲು ಹೋಗಿ ಸೋಲುತ್ತೇನೆ. ಬಹುಶಃ ಅವನಿಗೂ ತಿಳಿಯದು.

ಹೆನ್ರಿಯನ್ನು ನೋಡಿಕೋ ಎಂದು ಸ್ಟಾನ್‌ಗೇ ಹೇಳಿ ಹೋಗುತ್ತಾರೆ. ಆಮೇಲೆ ದಾರಿಯಲ್ಲಿ ಮೆಕ್‌ಡೊನಾಲ್ಡ್ಸ್‌ಗೆ ಊಟ ತರಲು ಒಳಗೆ ಹೋದ ಫಿಲಿಪ್, ಮೇಜಿನ ಸುತ್ತ ಕೂತು ನಗುತ್ತಿರುವ ಒಂದು ಕುಟುಂಬವನ್ನು ನೋಡುತ್ತಾನೆ. ಮೊದಲ ಕಂತಿನಲ್ಲಿ ಊಟ ಚೆನ್ನಾಗಿದೆ ಎಂದವನಲ್ಲವೇ. ಪೊಟ್ಟಣ ಕೈಗೆ ಬರುವವರೆಗೆ ನಿಂತಿರುತ್ತಾನೆ.

ಕೊಡಗಿನ ಮಗಳು

ಹೆನ್ರಿ ಎಂದಾಗ ನೆನಪಾಯಿತು. ಈ ಸರಣಿಗೆ ಪ್ರೇರಣೆ 2010ರ ಬಂಧನಗಳು. ಆ ಜೂನ್‌ನಲ್ಲಿ ಎಫ್‌ಬಿಐ ಅಮೆರಿಕದಲ್ಲಿ ಹತ್ತು ಮಂದಿ ರಷ್ಯನ್ ಬೇಹುಗಾರರನ್ನು ಹಿಡಿಯಿತು, ಜುಲೈಯಲ್ಲಿ ವಿಯೆನ್ನಾ ವಿಮಾನ ನಿಲ್ದಾಣದಲ್ಲಿ ವಿನಿಮಯವೂ ಆಗಿಹೋಯಿತು. ಅವರಲ್ಲಿ ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನಲ್ಲಿ ಕೆನಡಾದವರೆಂದು ಹೇಳಿಕೊಂಡು ಬದುಕಿದ್ದ ದಂಪತಿಗೆ ಇಬ್ಬರು ಗಂಡುಮಕ್ಕಳು, ಟೊರಾಂಟೊದಲ್ಲಿ ಹುಟ್ಟಿದವರು. ಅಪ್ಪ ಅಮ್ಮನ ನಿಜ ತಮಗೆ ಗೊತ್ತೇ ಇರಲಿಲ್ಲ ಎಂದರು. ದೊಡ್ಡವನ ಇಪ್ಪತ್ತನೆಯ ಹುಟ್ಟುಹಬ್ಬದ ದಿನವೇ ಪೊಲೀಸರು ಬಾಗಿಲು ಬಡಿದರು.

ಆಮೇಲೆ ಕೆನಡಾ ಸರ್ಕಾರ ಕಿರಿಯವನ ಪೌರತ್ವವನ್ನು ರದ್ದು ಮಾಡಿತು. ಪರದೇಶದ ಸರ್ಕಾರಿ ನೌಕರರ ಮಕ್ಕಳಿಗೆ ಅಲ್ಲಿ ಹುಟ್ಟಿದ ಮಾತ್ರಕ್ಕೆ ಪೌರತ್ವ ಸಿಗುವುದಿಲ್ಲ ಎನ್ನುವ ನಿಯಮವನ್ನು ಮುಂದೆ ಮಾಡಿದರು. ಅವನು ನ್ಯಾಯಾಲಯಕ್ಕೆ ಹೋದ. 2019ರ ಡಿಸೆಂಬರ್‌ನಲ್ಲಿ ಕೆನಡಾದ ಸರ್ವೋಚ್ಚ ನ್ಯಾಯಾಲಯ ಅವನ ಪರವಾಗಿ ತೀರ್ಪು ಕೊಟ್ಟಿತು: ಆ ನಿಯಮ ರಾಜತಾಂತ್ರಿಕ ರಕ್ಷಣೆ ಇರುವವರ ಮಕ್ಕಳಿಗೆ ಮಾತ್ರ, ಇವನ ತಂದೆತಾಯಿಗೆ ಅದಿರಲಿಲ್ಲ. ಆಡಳಿತದ ತೀರ್ಮಾನಗಳನ್ನು ನ್ಯಾಯಾಲಯ ಹೇಗೆ ಪರಿಶೀಲಿಸಬೇಕು ಎನ್ನುವುದಕ್ಕೆ ಆ ದೇಶದಲ್ಲಿ ಈಗ ಇದೇ ಮುಖ್ಯ ತೀರ್ಪು. ಅಪ್ಪ ಅಮ್ಮ ಬೇಹುಗಾರರಾದದ್ದಕ್ಕೆ ಮಗ ಕಾನೂನಿನ ಪಠ್ಯದಲ್ಲಿ ಸೇರಿಕೊಂಡ.

ತಿಂಡಿಪೋತ

ಇಷ್ಟು ಓದಿದ ಮೇಲೆ ಚಕ್‌ನನ್ನು ವಾಪಸು ಕರೆದುಕೊಂಡು ಹೋಗುತ್ತೇನೆ, ಪಾಪ, ಅವನಿಗೆ ಅಕ್ಕನ ಮನೆ ಇದೆ.

ಒಂದೇ ಪ್ರಶ್ನೆ. ಗ್ಯಾರೇಜಿನಲ್ಲಿ ಹೊರಡುವ ಮುಂಚೆ ಫಿಲಿಪ್ ಹೇಳುತ್ತಾನಲ್ಲ, ನಿನ್ನ ಹೆಂಡತಿ ರೆನೀಯೂ ನಮ್ಮವಳೇ ಇರಬಹುದು, ನನಗೆ ಖಚಿತವಿಲ್ಲ ಎಂದು. ರೆನೀ ನಿಜಕ್ಕೂ ಬೇಹುಗಾರ್ತಿಯೇ?

ಆಂಟೆನಾ

ಸರಣಿ ಅದನ್ನು ಹೇಳುವುದಿಲ್ಲ. ಹೇಳದೆ ಬಿಟ್ಟದ್ದರಿಂದಲೇ ಸ್ಟಾನ್‌ನ ಗತಿ ನನಗೆ ಎಲ್ಲರಿಗಿಂತ ಕಷ್ಟದ್ದೆನ್ನಿಸುತ್ತದೆ. ಫಿಲಿಪ್ ಹೊರಟುಹೋದ. ಇವನು ಇನ್ನು ಮೇಲೆ ದಿನವೂ ಹೆಂಡತಿಯ ಎದುರು ಕೂತು ಊಟ ಮಾಡಬೇಕು.

ನಕ್ಷತ್ರಿಕ

ಬೇಹುಗಾರ್ತಿಯೇ. ಎಫ್‌ಬಿಐನಲ್ಲೇ ಕೆಲಸ ಕೊಡಿಸು ಎಂದು ಗಂಡನ ಬೆನ್ನುಹತ್ತಿದವಳನ್ನು ನೀವು ಇನ್ನೇನೆಂದು ಕರೆಯುತ್ತೀರಿ?

ಸುರಗಿ

ಮನೆಯಲ್ಲಿ ಕೂತು ಬೇಸತ್ತ ಹೆಂಗಸು ಎಂದು ಕರೆಯುತ್ತೇನೆ. ಕೆಲಸ ಕೇಳಿದವಳೆಲ್ಲ ಕೆಜಿಬಿಯೇ? ಸಾಕ್ಷಿ ತನ್ನಿ, ಆಮೇಲೆ ಮಾತನಾಡೋಣ.